ಸ್ಟೇಷನ್ ಮಾಸ್ಟರ್ ಹೋದರೆ ಸ್ಟೇಷನ್ನೂ ಹೋಗುತ್ತದಾ?

ಓದುಗರೊಬ್ಬರ ಪ್ರಶ್ನೆ: "ನಮ್ಮದು ಶಿವಮೊಗ್ಗ–ತಾಳಗುಪ್ಪ ಮಾರ್ಗದ ಒಂದು ಸಣ್ಣ ಸ್ಟೇಷನ್. ಹೆಸರು ಹಾಕಬೇಡಿ. ಮನೆಯಿಂದ ಹತ್ತು ನಿಮಿಷದ ದಾರಿ. ಹಿಂದೆ ಸ್ಟೇಷನ್ ಮಾಸ್ಟರ್ ಇದ್ದರು, ಈಗ ಇಲ್ಲ. ಒಬ್ಬ ಏಜೆಂಟರು ರೈಲು ಬರುವ ಹೊತ್ತಿಗೆ ಬಂದು ಟಿಕೆಟ್ ಕೊಡುತ್ತಾರೆ. ಕೆಲವು ದಿನ ಅವರೂ ಬರುವುದಿಲ್ಲ. ವೇಟಿಂಗ್ ರೂಮಿಗೆ ಬೀಗ. ನಲ್ಲಿ ಇದೆ, ನೀರಿಲ್ಲ. ಪ್ಲಾಟ್‌ಫಾರಂ ತೀರಾ ತಗ್ಗು. 72 ವರ್ಷದ ಅಮ್ಮನನ್ನು ಬೋಗಿಗೆ ಹತ್ತಿಸಲು ಇಬ್ಬರು ಬೇಕು. ರಾತ್ರಿ ಬೆಂಗಳೂರಿನ ರೈಲು ಇಲ್ಲಿ ನಿಲ್ಲುವುದಿಲ್ಲ, ಆಟೋ ಮಾಡಿಕೊಂಡು ಸಾಗರಕ್ಕೆ ಹೋಗುತ್ತೇವೆ. ಈಗ ಸ್ಟೇಷನ್ನನ್ನೇ ಮುಚ್ಚುತ್ತಾರೆ ಅಂತ ಊರಲ್ಲಿ ಸುದ್ದಿ. ಇದು ನಿಜವಾ? ಟಿಕೆಟ್ ಸಿಗದೆ ಹತ್ತಿದರೆ ದಂಡ ಹಾಕುತ್ತಾರಾ? ಊರವರೇ ದುಡ್ಡು ಹಾಕಿ ಬೆಂಚು, ಶೆಡ್ಡು ಮಾಡಿಸಬಹುದಾ? ಯಾರಿಗೆ ಬರೆಯಬೇಕು?"

ಉತ್ತರ: ನಿಮ್ಮ ಪತ್ರದಲ್ಲಿ ಪ್ರಶ್ನೆಗಳು ಹಲವು, ಆದರೆ ಅವುಗಳ ಹಿಂದಿನ ಭಯ ಒಂದೇ. ಒಂದೊಂದೇ ಸೌಲಭ್ಯ ಹೋಗುತ್ತಿದೆ, ನಾಳೆ ರೈಲೂ ನಿಲ್ಲದೆ ಹೋದರೆ ಏನು ಗತಿ ಅಂತ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಸಣ್ಣ ಸ್ಟೇಷನ್‌ಗಳಲ್ಲೇ ಕೆಲಸ ಮಾಡಿ ನಿವೃತ್ತನಾದವನು ನಾನು. ಈ ಮಾತನ್ನು ಕೌಂಟರಿನ ಕಿಟಕಿಯಾಚೆಯಿಂದ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ.

ಮುಚ್ಚುವ ಸುದ್ದಿಯಿಂದಲೇ ಶುರು ಮಾಡೋಣ. ಸ್ಟೇಷನ್ ಮಾಸ್ಟರ್ ಹೋದರು ಎಂದ ಮಾತ್ರಕ್ಕೆ ಸ್ಟೇಷನ್ ಮುಚ್ಚುತ್ತಾರೆ ಎಂದಲ್ಲ. ಸ್ಟೇಷನ್ ಮಾಸ್ಟರ್ ಇರುವುದು ಟಿಕೆಟ್ ಕೊಡಲು ಅಂತ ಜನ ಅಂದುಕೊಂಡಿದ್ದಾರೆ. ಅದು ಅವರ ಅರ್ಧ ಕೆಲಸವೂ ಅಲ್ಲ. ಅವರ ಮುಖ್ಯ ಕೆಲಸ ರೈಲುಗಳನ್ನು ಒಂದು ಸ್ಟೇಷನ್ನಿನಿಂದ ಇನ್ನೊಂದಕ್ಕೆ ಸುರಕ್ಷಿತವಾಗಿ ದಾಟಿಸುವುದು. ಸಿಂಗಲ್ ಲೈನಿನಲ್ಲಿ ಎದುರುಬದುರಾಗಿ ಬರುವ ಎರಡು ರೈಲುಗಳಲ್ಲಿ ಒಂದು ಪಕ್ಕದ ಲೂಪ್ ಲೈನಿಗೆ ಸರಿದು ನಿಲ್ಲಬೇಕು. ಇದನ್ನು ನಾವು ಕ್ರಾಸಿಂಗ್ ಅನ್ನುತ್ತೇವೆ. ಕ್ರಾಸಿಂಗ್ ಇರುವಲ್ಲಿ ಲೂಪ್ ಬೇಕು, ಸಿಗ್ನಲ್ ಬೇಕು, ಮಾಸ್ಟರ್ ಬೇಕು. ಅದಿಲ್ಲದ ಕಡೆ ಹಳಿ ಒಂದೇ, ರೈಲು ಬರುತ್ತದೆ, ನಿಲ್ಲುತ್ತದೆ, ಹೋಗುತ್ತದೆ. ಅದಕ್ಕೆ ಹಾಲ್ಟ್ ಅಂತ ಹೆಸರು. ಅಲ್ಲಿ ಮಾಸ್ಟರಿಗೆ ಕೆಲಸವೇ ಇಲ್ಲ.

ಶಾಖಾ ಮಾರ್ಗಗಳಲ್ಲಿ ಇದು ಯಾಕೆ ಜಾಸ್ತಿ ಆಯಿತು ಅನ್ನುವುದಕ್ಕೆ ಒಂದು ಕಥೆ ಇದೆ. ನಿಮ್ಮ ಮಾರ್ಗವನ್ನೇ ತೆಗೆದುಕೊಳ್ಳಿ. ಬೀರೂರಿನಿಂದ ಶಿವಮೊಗ್ಗಕ್ಕೆ ಮೀಟರ್‌ಗೇಜ್ ರೈಲು ಬಂದದ್ದು 1899ರಲ್ಲಿ. ಅಲ್ಲಿಂದ ಮಲೆನಾಡಿನೊಳಗೆ ಹೊಕ್ಕು ತಾಳಗುಪ್ಪ ಮುಟ್ಟುವ ಹೊತ್ತಿಗೆ 1940 ಆಗಿತ್ತು. ಆಗ ಉಗಿ ಎಂಜಿನ್‌ಗಳು. ನಿಧಾನದ ಗಾಡಿ, ನಡುನಡುವೆ ನೀರು ಕುಡಿಯಬೇಕು, ಮರದ ದಿಮ್ಮಿ ತುಂಬಬೇಕು. ಹಾಗಾಗಿ ಅಲ್ಲಲ್ಲಿ ಸ್ಟೇಷನ್, ಸ್ಟೇಷನ್ನಿಗೊಂದು ಲೂಪ್, ಹಿಂದೆ ನಾಲ್ಕು ಕ್ವಾರ್ಟರ್ಸ್, ಒಂದು ಬಾವಿ. ಮೀಟರ್‌ಗೇಜಿನ ಕೊನೆಗಾಲದಲ್ಲಿ ಈ ಹಳಿಯ ಮೇಲೆ ರೈಲ್‌ಬಸ್ ಓಡಿದ್ದು ನಿಮಗೂ ನೆನಪಿರಬಹುದು. ಬಸ್ಸಿನ ಹಾಗೇ ಇರುತ್ತಿತ್ತು, ಮಕ್ಕಳಿಗಂತೂ ಹಬ್ಬ. ಆಮೇಲೆ ಹಳಿ ಕಿತ್ತು ಬ್ರಾಡ್‌ಗೇಜ್ ಹಾಕಿದರು. 2011ರ ಹೊತ್ತಿಗೆ ದೊಡ್ಡ ಗಾಡಿ ತಾಳಗುಪ್ಪದವರೆಗೆ ಬಂತು. ಹೀಗೆ ಗೇಜ್ ಬದಲಾದ ಮಾರ್ಗಗಳಲ್ಲೆಲ್ಲ ಒಂದು ಲೆಕ್ಕ ಹಾಕುತ್ತಾರೆ. ದಿನಕ್ಕೆ ಕೆಲವೇ ಜೋಡಿ ರೈಲು ಓಡುವಾಗ ಪ್ರತಿ ಊರಲ್ಲೂ ಲೂಪ್ ಯಾಕೆ? ಬೇಡ ಅಂದ ಕಡೆ ತೆಗೆಯುತ್ತಾರೆ. ಲೂಪ್ ಹೋದರೆ ಸಿಗ್ನಲ್ ಹೋಗುತ್ತದೆ, ಮಾಸ್ಟರ್ ಹೋಗುತ್ತಾರೆ, ಅವರ ಜೊತೆ ಪೋರ್ಟರ್, ಕ್ವಾರ್ಟರ್ಸಿನ ಸಂಸಾರಗಳು ಎಲ್ಲ ಹೋಗುತ್ತವೆ. ವೇಟಿಂಗ್ ರೂಮಿನ ಬೀಗಕ್ಕೂ ಇದೇ ಕಾರಣ. ತೆರೆದಿಟ್ಟರೆ ಗುಡಿಸುವವರು ಯಾರು, ರಾತ್ರಿ ಒಳಗೆ ಸೇರುವವರನ್ನು ಎಬ್ಬಿಸುವವರು ಯಾರು? ಬೀಗ ಹಾಕುವುದು ಸುಲಭದ ದಾರಿ. ಸರಿಯಾದ ದಾರಿ ಅಂತ ನಾನು ಹೇಳುವುದಿಲ್ಲ.

ಹಾಗಂತ ಸುದ್ದಿ ಪೂರ್ತಿ ಸುಳ್ಳೂ ಅಲ್ಲ. ಹಾಲ್ಟ್‌ಗಳನ್ನು ಮುಚ್ಚಿದ ಉದಾಹರಣೆಗಳು ದೇಶದಲ್ಲಿ ಬೇಕಾದಷ್ಟಿವೆ. ಆದರೆ ಅದಕ್ಕೆ ಕಾರಣ ಮಾಸ್ಟರ್ ಇಲ್ಲದಿರುವುದಲ್ಲ, ಟಿಕೆಟ್ ಮಾರಾಟವಾಗದಿರುವುದು.

ಇಲ್ಲಿ ನಿಮ್ಮ ಪತ್ರದ ಒಂದು ಸಾಲು ನನ್ನನ್ನು ಹಿಡಿದು ನಿಲ್ಲಿಸಿತು. "ಆಟೋ ಮಾಡಿಕೊಂಡು ಸಾಗರಕ್ಕೆ ಹೋಗುತ್ತೇವೆ" ಅಂದಿದ್ದೀರಿ. ನೀವು ಸಾಗರದಲ್ಲಿ ಹತ್ತಿದಿರಿ, ಟಿಕೆಟ್ಟಿನ ಮೇಲೆ ಸಾಗರ ಜಂಬಗಾರು ಅಂತ ಬಂತು. ರೈಲ್ವೆ ಪುಸ್ತಕದಲ್ಲಿ ನೀವು ಸಾಗರದವರು. ನಿಮ್ಮ ಊರಿನ ಇನ್ನೊಬ್ಬರು ಟಿಕೆಟ್ ಸಿಗಲಿಲ್ಲ ಅಂತ ಹಾಗೇ ಹತ್ತಿ ಶಿವಮೊಗ್ಗದಲ್ಲಿ ಇಳಿದರು. ಪುಸ್ತಕದಲ್ಲಿ ಅವರು ಇಲ್ಲವೇ ಇಲ್ಲ. ಇನ್ನೊಬ್ಬರು ಪಕ್ಕದ ದೊಡ್ಡ ಸ್ಟೇಷನ್ನಿನಲ್ಲಿ ಹೋಗಿಬರುವ ಪಾಸ್ ಮಾಡಿಸಿಕೊಂಡರು, ಯಾಕೆಂದರೆ ಅಲ್ಲಿ ಕೌಂಟರ್ ಯಾವಾಗಲೂ ತೆರೆದಿರುತ್ತದೆ. ಅವರೂ ಆ ಸ್ಟೇಷನ್ನಿನ ಲೆಕ್ಕಕ್ಕೆ. ನಿಮ್ಮ ಪ್ಲಾಟ್‌ಫಾರಂ ಮೇಲೆ ಬೆಳಿಗ್ಗೆ ಐವತ್ತು ಜನ ನಿಂತಿರಬಹುದು. ಪುಸ್ತಕದಲ್ಲಿ ಇಪ್ಪತ್ತು ಇರುತ್ತದೆ. ಆ ಪುಸ್ತಕ ನೋಡುವ ಅಧಿಕಾರಿ ನಿಮ್ಮ ಪ್ಲಾಟ್‌ಫಾರಂಗೆ ಬಂದು ತಲೆ ಎಣಿಸುವುದಿಲ್ಲ.

2017ರಿಂದ ದೇಶದ ಸ್ಟೇಷನ್‌ಗಳನ್ನು ಮೂರು ಗುಂಪು ಮಾಡಿದ್ದಾರೆ. ನಗರದ ಲೋಕಲ್ ರೈಲುಗಳ ಸ್ಟೇಷನ್‌ಗಳು ಎಸ್‌ಜಿ, ಉಳಿದವು ಎನ್‌ಎಸ್‌ಜಿ, ಹಾಲ್ಟ್‌ಗಳು ಎಚ್‌ಜಿ. ಎನ್‌ಎಸ್‌ಜಿಯಲ್ಲಿ 1ರಿಂದ 6, ಎಚ್‌ಜಿಯಲ್ಲಿ 1ರಿಂದ 3. ಯಾವ ಸ್ಟೇಷನ್ ಯಾವ ಮೆಟ್ಟಿಲಿನಲ್ಲಿ ಅನ್ನುವುದು ಎರಡು ಅಂಕಿಗಳ ಮೇಲೆ ನಿಂತಿದೆ. ಅಲ್ಲಿಂದ ಹೊರಟ ಪ್ರಯಾಣಿಕರು ಎಷ್ಟು, ಅವರಿಂದ ಬಂದ ಹಣ ಎಷ್ಟು. ಬಂದಿಳಿದವರು ಲೆಕ್ಕಕ್ಕಿಲ್ಲ. ಇದನ್ನು ಎರಡು ಸಲ ಓದಿಕೊಳ್ಳಿ. ಹಬ್ಬಕ್ಕೆ ಬೆಂಗಳೂರಿನಿಂದ ನೂರು ಜನ ಬಂದು ಇಳಿದರೂ ನಿಮ್ಮ ಸ್ಟೇಷನ್ನಿಗೆ ಅದರಿಂದ ಒಂದು ಅಂಕಿಯೂ ಸೇರುವುದಿಲ್ಲ.

ಸೌಲಭ್ಯಗಳು ಈ ಮೆಟ್ಟಿಲಿಗೆ ತಕ್ಕಂತೆ. ಕನಿಷ್ಠ ಇರಲೇಬೇಕಾದ್ದು ಇಷ್ಟು ಅಂತ ಪ್ರತಿ ಮೆಟ್ಟಿಲಿಗೂ ಪಟ್ಟಿ ಇದೆ. ಕೆಳಗಿನ ಮೆಟ್ಟಿಲುಗಳಲ್ಲಿ ಆ ಪಟ್ಟಿ ಬಹಳ ಚಿಕ್ಕದು. ಟಿಕೆಟ್ ಕೊಡುವ ವ್ಯವಸ್ಥೆ, ಕುಡಿಯುವ ನೀರು, ಕೂರಲು ಜಾಗ, ದೀಪ, ಹೆಸರಿನ ಫಲಕ. ನೆರಳು ಅಂದರೆ ಮರ ಸಾಕು ಅಂತ ಬರೆದಿದ್ದನ್ನು ನಾನು ಮೊದಲ ಸಲ ಓದಿದಾಗ ನಕ್ಕಿದ್ದೆ. ಆಮೇಲೆ ಏಪ್ರಿಲ್ ಬಿಸಿಲಿನಲ್ಲಿ ತಗಡಿನ ಶೀಟಿನ ಕೆಳಗೆ ಒಂದು ಗಂಟೆ ಕೂತು ಎದ್ದ ಮೇಲೆ ಆ ಸಾಲು ಬರೆದವರ ಬಗ್ಗೆ ಗೌರವ ಬಂತು. ಹೊಂಗೆ ಮರದ ನೆರಳು ಶೀಟಿಗೆ ಎಲ್ಲಿಂದ ಬರಬೇಕು? ಮಲೆನಾಡಿನ ಜುಲೈ ಮಳೆಗೆ ಮಾತ್ರ ಮರ ಸಾಲದು. ಅದನ್ನು ದೂರದಲ್ಲಿ ಕೂತು ಪಟ್ಟಿ ಬರೆದವರು ಯೋಚಿಸಿರಲಾರರು.

ಇದರ ಅರ್ಥ, ನಿಮ್ಮ ದೂರಿನಲ್ಲಿ ಎರಡು ಜಾತಿ ಇದೆ. ನಲ್ಲಿಯಲ್ಲಿ ನೀರಿಲ್ಲ, ಏಜೆಂಟರು ಬರುವುದಿಲ್ಲ ಅನ್ನುವುದು ಕನಿಷ್ಠ ಪಟ್ಟಿಗೆ ಸೇರಿದ್ದು. ಅದನ್ನು ಕೊಡಲೇಬೇಕು, ನೀವು ಬೇಡಿಕೊಳ್ಳಬೇಕಾಗಿಲ್ಲ. ಎತ್ತರದ ಪ್ಲಾಟ್‌ಫಾರಂ, ಶೆಡ್ಡು, ರಾತ್ರಿ ರೈಲಿನ ನಿಲುಗಡೆ ಅನ್ನುವುದು ಬೇರೆ ಜಾತಿ. ಅದಕ್ಕೆ ಅಂಕಿ ತೋರಿಸಬೇಕು, ಕಾಯಬೇಕು. ಎರಡನ್ನೂ ಒಂದೇ ಅರ್ಜಿಯಲ್ಲಿ ತುರುಕಿದರೆ ನಾಳೆ ಆಗಬಹುದಾದ ನೀರಿನ ಕೆಲಸವೂ ನಿಲುಗಡೆಯ ಫೈಲಿನ ಜೊತೆ ಮಲಗುತ್ತದೆ. ಬೇರೆಬೇರೆ ಬರೆಯಿರಿ.

ಟಿಕೆಟ್ ಏಜೆಂಟರ ವಿಷಯ. ಅವರು ರೈಲ್ವೆ ನೌಕರರಲ್ಲ. ಗುತ್ತಿಗೆಯಲ್ಲಿ ಬಂದವರು, ಮಾರಿದ ಟಿಕೆಟ್ಟಿನ ಮೇಲೆ ಕಮಿಷನ್. ದಿನಕ್ಕೆ ಹದಿನೈದು ಟಿಕೆಟ್ ಮಾರಿದರೆ ಅವರಿಗೆ ಸಿಗುವುದು ಚಹಾದ ಖರ್ಚಿಗೂ ಸಾಲದು. ಅಡಿಕೆ ಕೊಯ್ಲಿನ ದಿನ ತೋಟದ ಕೆಲಸಕ್ಕೆ ಹೋದರೆ ಅದಕ್ಕಿಂತ ಎಷ್ಟೋ ಜಾಸ್ತಿ ಕೂಲಿ. ಹಾಗಾಗಿ ಅವರು ಬರದ ದಿನ ನನಗೆ ಸಿಟ್ಟಿಗಿಂತ ಕನಿಕರ ಹೆಚ್ಚು. ಆದರೆ ಇದು ತನ್ನ ಬಾಲವನ್ನು ತಾನೇ ನುಂಗುವ ಹಾವು. ಅವರು ಬಾರದಿದ್ದರೆ ಟಿಕೆಟ್ ಇಲ್ಲ, ಟಿಕೆಟ್ ಇಲ್ಲದಿದ್ದರೆ ಕಮಿಷನ್ ಇಲ್ಲ, ಕಮಿಷನ್ ಇಲ್ಲದಿದ್ದರೆ ಅವರು ಬರುವುದಿಲ್ಲ.

ಈ ಸುತ್ತನ್ನು ಮುರಿಯುವುದು ಈಗ ನಿಮ್ಮ ಕೈಯಲ್ಲೇ ಇದೆ. ಕಾಯ್ದಿರಿಸದ ಟಿಕೆಟನ್ನೂ ಮೊಬೈಲಿನಲ್ಲಿ ತೆಗೆಯಬಹುದು. ಮೊದಲು ಅದಕ್ಕೆ ರೈಲ್ವೆಯ ಯುಟಿಎಸ್ ಆಪ್ ಇತ್ತು, 2025ರ ಜುಲೈಯಲ್ಲಿ ರೈಲ್‌ಒನ್ ಅನ್ನುವ ಹೊಸ ಆಪ್ ಬಂತು. ಎರಡು ಮಾತು ನೆನಪಿಡಿ. ಹಳಿಯ ಹತ್ತಿರ ನಿಂತು ತೆಗೆಯಲು ಹೋದರೆ ಆಪ್ ಬಿಡುವುದಿಲ್ಲ. ಟಿಸಿ ಬಂದ ಮೇಲೆ ಟಿಕೆಟ್ ತೆಗೆಯುವ ಚಾಲಾಕಿಗಳಿಗಾಗಿ ಹಾಕಿದ ಬೇಲಿ ಅದು. ಜೊತೆಗೆ ಮಲೆನಾಡಿನಲ್ಲಿ ಟವರ್ ಸಿಗುವುದು ದೇವರ ದಯೆ. ಹಾಗಾಗಿ ಮನೆಯಲ್ಲೇ, ಹೊರಡುವ ಮುಂಚೆ ತೆಗೆದುಬಿಡಿ. ಹೊರಡುವ ಸ್ಟೇಷನ್ ಎಂದು ನಿಮ್ಮೂರನ್ನೇ ಹಾಕಿ. ಪಾಸ್ ಮಾಡಿಸುವವರೂ ಹಾಗೆಯೇ. 150 ಕಿ.ಮೀ. ಒಳಗೆ ಓಡಾಡುವವರಿಗೆ ಸೀಸನ್ ಟಿಕೆಟ್ ಸಿಗುತ್ತದೆ, ಶಿವಮೊಗ್ಗದಿಂದ ತಾಳಗುಪ್ಪ ನೂರು ಕಿಲೋಮೀಟರಿಗೂ ಕಡಿಮೆ. ಒಂದು ಪಾಸ್ ಅಂದರೆ ಲೆಕ್ಕದಲ್ಲಿ ಒಂದು ಪ್ರಯಾಣವಲ್ಲ, ತಿಂಗಳಿಡೀ ಹೋಗಿ ಬರುವುದೂ ಎಣಿಕೆಗೆ ಬರುತ್ತದೆ. ಕಾಲೇಜಿಗೆ ಹೋಗುವ ಹತ್ತು ಮಕ್ಕಳು ನಿಮ್ಮ ಸ್ಟೇಷನ್ ಹೆಸರಿನಲ್ಲಿ ಪಾಸ್ ಮಾಡಿಸಿದರೆ ಪುಸ್ತಕದ ಬಣ್ಣವೇ ಬದಲಾಗುತ್ತದೆ.

ಮೊಬೈಲ್ ಇಲ್ಲ, ಏಜೆಂಟರೂ ಬಂದಿಲ್ಲ, ಆಗ? ಸುಮ್ನೆ ಹತ್ತಿ ಕೂರಬೇಡಿ. ಟಿಕೆಟ್ ಇಲ್ಲದೆ ಸಿಕ್ಕಿಬಿದ್ದರೆ ಪ್ರಯಾಣದ ದರದ ಮೇಲೆ ಕನಿಷ್ಠ 250 ರೂಪಾಯಿ ಕಟ್ಟಬೇಕು. "ಕೌಂಟರ್ ಮುಚ್ಚಿತ್ತು ಸ್ವಾಮಿ" ಅಂದರೆ ಟಿಸಿ ನಂಬಲೇಬೇಕೆಂದಿಲ್ಲ. ದಾರಿ ಬೇರೆ ಇದೆ. ರೈಲ್ವೆ ಕಾಯ್ದೆ 1989ರ 55ನೇ ಸೆಕ್ಷನ್ ಪ್ರಕಾರ, ಅಧಿಕಾರ ಇರುವ ರೈಲ್ವೆ ನೌಕರರ ಅನುಮತಿ ಪಡೆದು ಟಿಕೆಟ್ ಇಲ್ಲದೆ ಹತ್ತಬಹುದು, ಆಮೇಲೆ ದರ ಕಟ್ಟುತ್ತೇನೆ ಅನ್ನುವ ಷರತ್ತಿನ ಮೇಲೆ ಅವರಿಂದ ಒಂದು ಚೀಟಿ ಸಿಗುತ್ತದೆ. ಹಾಲ್ಟ್‌ನಲ್ಲಿ ಆ ನೌಕರರು ಅಂದರೆ ಗಾರ್ಡ್. 2022ರಿಂದ ಅವರನ್ನು ಟ್ರೈನ್ ಮ್ಯಾನೇಜರ್ ಅನ್ನುತ್ತಾರೆ, ನಮ್ಮ ಬಾಯಿಗೆ ಇನ್ನೂ ಗಾರ್ಡೇ. ಕೊನೆಯ ಬೋಗಿಗೆ ಹೋಗಿ ಕೇಳಿ. ಅವಸರದಲ್ಲಿ ಚೀಟಿ ಬರೆಯಲು ಆಗದಿದ್ದರೂ ಅವರಿಗೆ ತಿಳಿಸಿ ಹತ್ತಿದ್ದಕ್ಕೂ ತಿಳಿಸದೆ ಹತ್ತಿದ್ದಕ್ಕೂ ವ್ಯತ್ಯಾಸ ಇದೆ. ಮುಂದಿನ ದೊಡ್ಡ ಸ್ಟೇಷನ್ನಿನಲ್ಲಿ ಟಿಕೆಟ್ ಮಾಡಿಸಿಕೊಳ್ಳಬಹುದು.

ಇನ್ನು ರಾತ್ರಿ ರೈಲು. ಬೆಂಗಳೂರಿನ ಮೇಲೆ ಮೈಸೂರಿಗೆ ಹೋಗುವ ಆ ಗಾಡಿ ಎರಡು ನಿಮಿಷ ನಿಂತರೆ ಗಂಟೇನು ಹೋಗುತ್ತದೆ ಅಂತ ಎಲ್ಲರೂ ಕೇಳುತ್ತಾರೆ. ಎರಡು ನಿಮಿಷ ಅಲ್ಲ ಅದು. ಓಡುತ್ತಿರುವ ಭಾರದ ಗಾಡಿಯನ್ನು ನಿಧಾನ ಮಾಡಬೇಕು, ನಿಲ್ಲಿಸಬೇಕು, ಮತ್ತೆ ಅದೇ ವೇಗಕ್ಕೆ ತರಬೇಕು. ಎಲ್ಲ ಸೇರಿ ಐದಾರು ನಿಮಿಷ, ಜೊತೆಗೆ ಇಂಧನ. ಲೂಪ್ ಇರುವ ಕೆಲವು ಸ್ಟೇಷನ್‌ಗಳಲ್ಲಿ ಪ್ಲಾಟ್‌ಫಾರಂ ಲೂಪಿನ ಪಕ್ಕ ಮಾತ್ರ ಇರುತ್ತದೆ. ಅಲ್ಲಿ ನಿಲ್ಲಬೇಕಾದರೆ ಗಾಡಿ ಪಾಯಿಂಟ್, ಅಂದರೆ ಹಳಿ ಬದಲಿಸುವ ಜಾಗ, ದಾಟಿ ಒಳಗೆ ಹೋಗಬೇಕು, ಗಂಟೆಗೆ 30 ಕಿ.ಮೀ.ಗಿಂತ ಜಾಸ್ತಿ ಹೋಗುವಂತಿಲ್ಲ, ಹಳೆಯ ಪಾಯಿಂಟ್ ಇದ್ದರೆ 15. ಸಿಂಗಲ್ ಲೈನಿನಲ್ಲಿ ಈ ಗಾಡಿ ತಡವಾದರೆ ಎದುರಿನ ಗಾಡಿ ಇನ್ನೆಲ್ಲೋ ಕಾಯುತ್ತದೆ. ಹಾಗಾಗಿ ಒಂದು ನಿಲುಗಡೆಗೆ ಇಷ್ಟು ಸಾವಿರ ರೂಪಾಯಿ ಖರ್ಚು ಅಂತ ರೈಲ್ವೆಯವರು ಲೆಕ್ಕ ಇಟ್ಟಿದ್ದಾರೆ. ಅಷ್ಟು ಟಿಕೆಟ್ ಅಲ್ಲಿಂದ ಹುಟ್ಟುತ್ತದಾ ಅನ್ನುವುದೇ ಅವರ ಪ್ರಶ್ನೆ.

ಆದರೂ ಬಾಗಿಲು ಮುಚ್ಚಿಲ್ಲ. ಪ್ರಾಯೋಗಿಕ ನಿಲುಗಡೆ ಅಂತ ಒಂದು ಪದ್ಧತಿ ಇದೆ. ಸಾಮಾನ್ಯವಾಗಿ ಆರು ತಿಂಗಳು ನಿಲ್ಲಿಸಿ ನೋಡುತ್ತಾರೆ, ಟಿಕೆಟ್ ಎಷ್ಟು ಹೋಯಿತು ಅಂತ ಎಣಿಸುತ್ತಾರೆ, ಆಮೇಲೆ ಮುಂದುವರಿಸುವುದೋ ಬಿಡುವುದೋ. ನಿಮ್ಮದೇ ಮಾರ್ಗದ ಕುಂಸಿ, ಅರಸಾಳುಗಳಲ್ಲಿ ಕೆಲವು ಗಾಡಿಗಳಿಗೆ ಹೀಗೆ ಕೊಟ್ಟು, ಅವಧಿ ವಿಸ್ತರಿಸಿದ್ದುಂಟು. ಅರಸಾಳಿನ ಹಳೆಯ ಕಟ್ಟಡ ಈಗ ಮಾಲ್ಗುಡಿ ಮ್ಯೂಸಿಯಂ. ಫೋಟೋ ತೆಗೆಯಲು ಜನ ಕಾರಿನಲ್ಲಿ ಬರುತ್ತಾರೆ. ಕಾರಿನಲ್ಲಿ ಬಂದವರು ಯಾರೂ ಟಿಕೆಟ್ ಕೊಳ್ಳುವುದಿಲ್ಲ ಅನ್ನುವುದು ನನ್ನ ಹಳೆಯ ಕೊರಗು.

ಆ ಆರು ತಿಂಗಳಲ್ಲಿ ಊರವರು ಏನು ಮಾಡಬೇಕು ಅನ್ನುವುದಕ್ಕೆ ಎರಡು ಉದಾಹರಣೆ. ರಾಜಸ್ಥಾನದ ನಾಗೌರ್ ಜಿಲ್ಲೆಯಲ್ಲಿ ಜಾಲ್ಸು ನಾನಕ್ ಅನ್ನುವ ಹಾಲ್ಟ್ ಇದೆ. 2005ರಲ್ಲಿ ಅದನ್ನು ಮುಚ್ಚಲು ಹೊರಟಾಗ ಊರವರು ಧರಣಿ ಕೂತರು. ತಿಂಗಳಿಗೆ 1,500 ಟಿಕೆಟ್ ಮಾರಬೇಕು ಅನ್ನುವ ಷರತ್ತು ಬಂತು. ಊರವರೇ ಚಂದಾ ಎತ್ತಿ, ಟಿಕೆಟ್ ತಂದು, ಮಾರಲು ಒಬ್ಬರನ್ನು ಕೂರಿಸಿದರು. ತೆಲಂಗಾಣದ ನೆಕ್ಕೊಂಡದಲ್ಲಿ ಒಂದು ಎಕ್ಸ್‌ಪ್ರೆಸ್ ನಿಲುಗಡೆ ಉಳಿಸಿಕೊಳ್ಳಲು ಜನ ಗುಂಪು ಕಟ್ಟಿ, ಪ್ರಯಾಣ ಮಾಡದಿದ್ದರೂ ದಿನಾ ಟಿಕೆಟ್ ಕೊಂಡರು. ಎರಡನೆಯದನ್ನು ನಾನು ಮೆಚ್ಚುತ್ತೇನೆ, ಆದರೆ ನಿಮಗೆ ಹೇಳಲಾರೆ. ಪ್ರಯಾಣಿಕರಿಲ್ಲದ ಟಿಕೆಟ್ ಕೊಂಡರೆ ಮೂರು ತಿಂಗಳು ಉತ್ಸಾಹ ಇರುತ್ತದೆ, ನಾಲ್ಕನೆಯ ತಿಂಗಳು ಚಂದಾ ಕೊಡುವವರು ತಪ್ಪಿಸಿಕೊಂಡು ತಿರುಗುತ್ತಾರೆ. ನಿಮ್ಮಲ್ಲಿ ನಿಜವಾದ ಪ್ರಯಾಣಿಕರೇ ಇದ್ದಾರೆ, ಅವರ ಟಿಕೆಟ್ ಬೇರೆ ಸ್ಟೇಷನ್ನಿನ ಹೆಸರಲ್ಲಿ ಹೋಗುತ್ತಿದೆ, ಅಷ್ಟೇ.

ಚೈನ್ ಎಳೆಯುವ ಯೋಚನೆ ಊರ ಹುಡುಗರಿಗೆ ಇದ್ದರೆ ಬಿಡಿಸಿ. ಸಕಾರಣವಿಲ್ಲದೆ ಎಳೆದರೆ ಅದೇ ರೈಲ್ವೆ ಕಾಯ್ದೆಯ 141ನೇ ಸೆಕ್ಷನ್ನಿನಲ್ಲಿ ಒಂದು ವರ್ಷದವರೆಗೆ ಜೈಲು, ಇಲ್ಲವೇ 1,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಯಾರಿಗೆ ಬರೆಯಬೇಕು ಅಂದಿರಿ. ಬರೆಯುವ ಮೊದಲು ಒಂದು ಆರ್‌ಟಿಐ ಹಾಕಿ, 10 ರೂಪಾಯಿ. ನಿಮ್ಮ ಸ್ಟೇಷನ್ ಯಾವ ವರ್ಗ, ಕಳೆದ ಮೂರು ವರ್ಷ ಹೊರಟ ಪ್ರಯಾಣಿಕರು ಎಷ್ಟು, ಆದಾಯ ಎಷ್ಟು ಅಂತ ಕೇಳಿ. ಹಳೆಯ ಅಂಕಿ ತೀರಾ ಕಮ್ಮಿ ಕಂಡರೆ ಗಾಬರಿಯಾಗಬೇಡಿ. 2020ರ ಮಾರ್ಚಿನಲ್ಲಿ ರೈಲು ನಿಂತು, ಮತ್ತೆ ಶುರುವಾದಾಗ ಪ್ಯಾಸೆಂಜರ್ ಗಾಡಿಗಳನ್ನೇ ಎಕ್ಸ್‌ಪ್ರೆಸ್ ಅಂತ ಓಡಿಸಿ ಕನಿಷ್ಠ ದರ 10ರಿಂದ 30 ರೂಪಾಯಿ ಮಾಡಿದ್ದರು. ಸಣ್ಣ ಸ್ಟೇಷನ್ನಿನ ಜನ ಬಸ್ಸಿಗೆ ಹೋದರು. ಹಳೆಯ ದರ ವಾಪಸ್ ಬಂದದ್ದು 2024ರ ಫೆಬ್ರವರಿಯಲ್ಲಿ. ಇದನ್ನು ನಿಮ್ಮ ಅರ್ಜಿಯಲ್ಲಿ ಬರೆಯಿರಿ, ಅಧಿಕಾರಿಗಳಿಗೂ ಗೊತ್ತಿರುವ ಮಾತೇ.

ನೀರು, ದೀಪ, ಏಜೆಂಟರ ದೂರಿಗೆ ರೈಲ್ ಮದದ್ ಅನ್ನುವ ರೈಲ್ವೆಯ ದೂರು ವ್ಯವಸ್ಥೆ ಇದೆ, ಫೋನ್ ನಂಬರ್ 139. ಫೋಟೋ ಸಮೇತ ಹಾಕಿ, ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ನಿಲುಗಡೆ, ಪ್ಲಾಟ್‌ಫಾರಂ ವಿಷಯ ರೈಲ್ವೆ ವಿಭಾಗದ ಮುಖ್ಯಸ್ಥರಾದ ಡಿಆರ್‌ಎಂ ಕಚೇರಿಗೆ, ಪ್ರತಿ ನಿಮ್ಮ ಸಂಸದರಿಗೆ. ವಿಭಾಗಕ್ಕೊಂದು ರೈಲು ಬಳಕೆದಾರರ ಸಲಹಾ ಸಮಿತಿ ಇರುತ್ತದೆ, ಅದರ ಸದಸ್ಯರೊಬ್ಬರನ್ನು ಹಿಡಿದರೆ ವಿಷಯ ಸಭೆಯ ಕಡತಕ್ಕೆ ಏರುತ್ತದೆ. ಸ್ಟೇಷನ್‌ಗಳನ್ನು ಹೊಸದಾಗಿ ಅಭಿವೃದ್ಧಿ ಮಾಡುವ ಅಮೃತ ಭಾರತ ಯೋಜನೆಯಲ್ಲಿ ಸಾಗರ, ತಾಳಗುಪ್ಪ ಸ್ಟೇಷನ್‌ಗಳು ಸೇರಿವೆ. ಆ ಹಣ ನಿಮ್ಮಲ್ಲಿಗೆ ಹರಿಯುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಆ ಪಟ್ಟಿ ಬೇರೆ.

ಊರವರ ದುಡ್ಡು? ಬೆಂಚು ಖಂಡಿತ ಕೊಡಬಹುದು. ಹಿರಿಯರ ನೆನಪಿನಲ್ಲಿ ಕೊಟ್ಟ ಕಲ್ಲುಬೆಂಚುಗಳನ್ನು ಎಷ್ಟೋ ಸ್ಟೇಷನ್‌ಗಳಲ್ಲಿ ನೋಡಿದ್ದೀರಿ ಅಲ್ವಾ? ಮೊದಲು ಲಿಖಿತ ಅನುಮತಿ ಪಡೆಯಿರಿ. ಶೆಡ್ಡನ್ನು ಮಾತ್ರ ನೀವೇ ಕಟ್ಟಲು ಹೋಗಬೇಡಿ. ಹಳಿಯಿಂದ ಇಷ್ಟು ದೂರ ಏನೂ ಇರಬಾರದು ಅನ್ನುವ ನಿಯಮ ಇದೆ, ಒಂದು ಕಂಬ ಒಂದು ಗೇಣು ಮುಂದೆ ಬಂದರೂ ಬಾಗಿಲಲ್ಲಿ ನಿಂತವನ ತಲೆಗೆ ಬಡಿಯುತ್ತದೆ. ಶೆಡ್ಡು, ಪ್ಲಾಟ್‌ಫಾರಂ ಎತ್ತರಿಸುವುದು ಇವಕ್ಕೆ ಸಂಸದರ ನಿಧಿಯಿಂದ ಹಣ ಕೊಡಿಸಬಹುದು, ಕೆಲಸ ರೈಲ್ವೆಯವರೇ ಮಾಡುತ್ತಾರೆ. ನನ್ನನ್ನು ಕೇಳಿದರೆ ಶೆಡ್ಡಿಗಿಂತ ಮೊದಲು ಪ್ಲಾಟ್‌ಫಾರಂ. ಬೋಗಿಯ ನೆಲ ಹಳಿಯಿಂದ ಸುಮಾರು ಒಂದೂಕಾಲು ಮೀಟರ್ ಎತ್ತರದಲ್ಲಿರುತ್ತದೆ. ಎತ್ತರದ ಪ್ಲಾಟ್‌ಫಾರಂ ಅಂದರೆ 76ರಿಂದ 84 ಸೆಂಟಿಮೀಟರ್. ನಿಮ್ಮಲ್ಲಿರುವುದು ಹಳಿಯ ಮಟ್ಟದ್ದು. ಅಂದರೆ ಅಮ್ಮ ಹತ್ತುತ್ತಿರುವುದು ಮೆಟ್ಟಿಲನ್ನಲ್ಲ, ಹೆಚ್ಚುಕಮ್ಮಿ ಒಂದು ಏಣಿಯನ್ನು.

ಅದು ಆಗುವವರೆಗೆ ಅಮ್ಮನಿಗೆ ಹೀಗೆ ಮಾಡಿ. ಉದ್ದದ ಗಾಡಿಯ ತುದಿಯ ಬೋಗಿಗಳು ಸಣ್ಣ ಪ್ಲಾಟ್‌ಫಾರಂ ದಾಟಿ ಜಲ್ಲಿಯ ಮೇಲೆ ನಿಲ್ಲುತ್ತವೆ. ಅಲ್ಲಿ ಎತ್ತರ ಇನ್ನೂ ಜಾಸ್ತಿ, ಕಾಲಡಿ ಕಲ್ಲು ಬೇರೆ ಜಾರುತ್ತದೆ. ಹಾಗಾಗಿ ನಡುವಿನ ಬೋಗಿ ನಿಲ್ಲುವ ಜಾಗದಲ್ಲಿ ಮೊದಲೇ ನಿಲ್ಲಿಸಿ. ಒಂದು ಗಟ್ಟಿ ಮರದ ಸ್ಟೂಲ್ ಇಟ್ಟುಕೊಳ್ಳಿ, ಹತ್ತಿದ ತಕ್ಷಣ ತೆಗೆದುಬಿಡಿ. ಜೊತೆಗಿರುವ ಇನ್ನೊಬ್ಬರು ಹಿಂದಿನ ಬೋಗಿಯ ಕಡೆ ಕೈ ಎತ್ತಿ ಗಾರ್ಡ್‌ಗೆ ಕಾಣುವ ಹಾಗೆ ನಿಲ್ಲಲಿ. ಹಾಲ್ಟ್‌ನಲ್ಲಿ ಗಾಡಿ ಹೊರಡಲು ಸನ್ನೆ ಕೊಡುವವರು ಅವರೇ. ಯಾರೋ ವಯಸ್ಸಾದವರು ಹತ್ತುತ್ತಿದ್ದಾರೆ ಅಂತ ಕಂಡರೆ ಹಸಿರು ಬಾವುಟ ಸ್ವಲ್ಪ ತಡವಾಗಿಯೇ ಮೇಲೇಳುತ್ತದೆ.